ಲೈಕಾ ಕ್ಯಾಮೆರಾ ಮಾರಾಟ: ಕೆನಡಾದ ಖರೀದಿದಾರರ ಬಗ್ಗೆ

ದಯವಿಟ್ಟು ಕ್ಯಾಮೆರಾವನ್ನು ಈಗಲೇ ಕೊಡಬೇಡಿ. ಕೆನಡಾದ ವ್ಯಕ್ತಿ ಚೌಕಾಸಿಯಿಲ್ಲದೆ ಒಪ್ಪಿದ್ದಾರೆ, ಸಾಗಣೆಯ ಖರ್ಚೂ ಸೇರಿಸಿ ಹೆಚ್ಚು ಹಣ ಕಳುಹಿಸಿದ್ದಾರೆ, ಮಿಕ್ಕಿದ್ದನ್ನು ಅವರ ಏಜೆಂಟ್‌ಗೆ ಕೊಡಬೇಕು ಎಂದು ಬರೆದಿದ್ದೀರಿ. ಇದು ಹಳೆಯ ವಂಚನೆಯ ಪಕ್ಕಾ ಲಕ್ಷಣ. ನೀವು ಏಜೆಂಟ್‌ಗೆ ಕೊಡುವ ಹಣ ಮಾತ್ರ ನಿಜವಾದದ್ದು.

ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್ ಹೆಸರಿನಲ್ಲಿ ನಿಮಗೆ ಬಂದಿರುವ 'ಹಣ ತಡೆಹಿಡಿಯಲಾಗಿದೆ, ಟ್ರ್ಯಾಕಿಂಗ್ ಸಂಖ್ಯೆ ಕೊಟ್ಟರೆ ಬಿಡುಗಡೆ' ಎಂಬ ಇಮೇಲ್‌ ನಂಬಬೇಡಿ. ಅದರಲ್ಲಿರುವ ಲಿಂಕ್ ಒತ್ತದೆ, ವಿಳಾಸವನ್ನು ನೀವೇ ಟೈಪ್ ಮಾಡಿ ಪೇಪಾಲ್ ಖಾತೆಗೆ ಹೋಗಿ ನೋಡಿ. ಅಲ್ಲಿ ವಹಿವಾಟು ಕಾಣದಿದ್ದರೆ ಹಣ ಬಂದಿಲ್ಲ, ಅಷ್ಟೇ.

ನಿಜವಾಗಿ ಹಣ ಬಂದರೂ ಅಪಾಯ ಮುಗಿಯುವುದಿಲ್ಲ. ಪೇಪಾಲ್‌ನಲ್ಲಿ ಖರೀದಿದಾರ 180 ದಿನಗಳವರೆಗೆ ತಕರಾರು ಎತ್ತಬಹುದು. ಆದ್ದರಿಂದ ಏಜೆಂಟ್ ಕೈಗೆ ಕೊಡುವ ಮಾತೇ ಬೇಡ. ವಹಿವಾಟಿನ ಪುಟದಲ್ಲಿರುವ ವಿಳಾಸಕ್ಕೇ, ವಿಮೆ ಮತ್ತು ಟ್ರ್ಯಾಕಿಂಗ್ ಸಹಿತ, ಪಡೆದವರ ಸಹಿ ಕೇಳುವ ಸೇವೆಯಲ್ಲಿ ಕಳುಹಿಸಿ. ಕಳುಹಿಸುವ ಮುನ್ನ ಮೇಲ್ಭಾಗದ ಸರಣಿ ಸಂಖ್ಯೆ, ಲೆನ್ಸಿನ ಒಳಗಾಜು, ಪೆಟ್ಟಿಗೆ ಮುಚ್ಚುವ ಕ್ಷಣ ಎಲ್ಲವೂ ಒಂದೇ ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣಬೇಕು. ಒಳ್ಳೆಯ ಕ್ಯಾಮೆರಾ ತರಿಸಿಕೊಂಡು ಕೆಟ್ಟದ್ದನ್ನು ಹಿಂದಿರುಗಿಸುವವರೂ ಇದ್ದಾರೆ.

ನನ್ನ ಆಯ್ಕೆ ಬ್ಯಾಂಕ್ ವರ್ಗಾವಣೆ. ಸ್ವಿಫ್ಟ್ (ವಿದೇಶಿ ಬ್ಯಾಂಕ್ ವರ್ಗಾವಣೆಯ ಜಾಲ) ರಸೀದಿಯ ಚಿತ್ರ ಸಾಲದು; ಹಣ ಜಮೆಯಾಗಿದೆಯೆಂದು ನಿಮ್ಮ ಶಾಖೆಯೇ ಹೇಳಬೇಕು. ಇದನ್ನು ಆ ವ್ಯಕ್ತಿಗೆ ಇಂದೇ ತಿಳಿಸಿ. ಏಜೆಂಟ್‌ಗೆ ಈಗಾಗಲೇ ಏನಾದರೂ ಕಳುಹಿಸಿದ್ದರೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.