ಒರಟು ಅಂಚಿನ ಗ್ರೆಟ್ಸ್ಕಿ ಕಾರ್ಡನ್ನು ಹಿಂದಿರುಗಿಸುವ ಮುನ್ನ

ಸರ್, ದಯವಿಟ್ಟು ಆ ಕಾರ್ಡನ್ನು ವಾಪಸ್ ಕಳುಹಿಸಬೇಡಿ. ನೀವು ಹಾಕಿರುವ ಎರಡೂ ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಓ-ಪೀ-ಚೀ ಕಂಪನಿಯ 1979-80ರ ಐಸ್ ಹಾಕಿ ಕಾರ್ಡು, 18ನೇ ನಂಬರು, ಆಟಗಾರ ವೇಯ್ನ್ ಗ್ರೆಟ್ಸ್ಕಿ. ಬಲ ಅಂಚು ಇಲಿ ಕಡಿದ ಹಾಗಿದೆ, ಆದ್ದರಿಂದ ಇದನ್ನು ಬಿಟ್ಟು ನೇರವಾಗಿ ಕತ್ತರಿಸಿದ ಇನ್ನೊಂದನ್ನು ಕೊಳ್ಳುತ್ತೇನೆ ಎಂದು ಬರೆದಿದ್ದೀರಿ. ಹಿಂದೊಮ್ಮೆ ನಾನೂ ಹೀಗೇ ಯೋಚಿಸಿ ಅಂದವಾದದ್ದನ್ನೇ ಆರಿಸಿದ್ದೆ. ಗ್ರೇಡಿಂಗಿಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುವವರ ಬಳಿ, ಹೋಗಿ ಬಂದಾಗ ಅದರ ಚೀಟಿಯ ಮೇಲೆ ಅಂಕವೇ ಇರಲಿಲ್ಲ. ಕಾರ್ಡ್ ಅಸಲಿ, ಆದರೆ ಟ್ರಿಮ್ ಆಗಿದೆ, ಅಂದರೆ ಆಮೇಲೆ ಯಾರೋ ಅಂಚು ಕೊಯ್ದಿದ್ದಾರೆ ಎಂದಷ್ಟೇ ಇತ್ತು.

ಓ-ಪೀ-ಚೀ ಕಂಪನಿಯವರು ಆಗ ಮುದ್ರಿತ ಹಾಳೆಯನ್ನು ಬಿಡಿ ಕಾರ್ಡುಗಳಾಗಿ ಕತ್ತರಿಸಲು ತಂತಿ ಬಳಸುತ್ತಿದ್ದರು. ಆ ಕಾಲದ ಕಾರ್ಡಿನ ಅಂಚಿನಲ್ಲಿ ಎಳೆ ಎದ್ದಿರುವುದು, ಅಲ್ಲಲ್ಲಿ ಹಲ್ಲು ಹಲ್ಲಾಗಿರುವುದು ಹುಟ್ಟಿನಿಂದಲೇ ಬಂದದ್ದು. ಗ್ರೇಡಿಂಗ್ ಮಾಡುವವರಿಗೂ ಇದು ಗೊತ್ತು, ಒರಟು ಅಂಚೊಂದಕ್ಕೇ ಕಾರ್ಡನ್ನು ತಳ್ಳಿಹಾಕುವುದಿಲ್ಲ. ಅನುಮಾನ ಬರಬೇಕಾದದ್ದು ಮೂರು ಬದಿ ಒರಟಾಗಿದ್ದು ನಾಲ್ಕನೆಯದು ಮಾತ್ರ ಕನ್ನಡಿಯಷ್ಟು ನಯವಾಗಿದ್ದಾಗ. ಯಾರೋ ಸವೆದ ಮೂಲೆಯನ್ನು ಮರೆಮಾಚಲು ಅರ್ಧ ಮಿಲಿಮೀಟರ್ ಕೊಯ್ದಿರುತ್ತಾರೆ. ಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ಅಂಚಿನ ದಪ್ಪವನ್ನು ನೋಡಿ: ಹಳೆಯ ಅಂಚು ಮಂಕಾಗಿ, ಸ್ವಲ್ಪ ಕಂದು ತಿರುಗಿರುತ್ತದೆ; ಹೊಸ ಕೊಯ್ತ ಬಿಳಿಚಿಕೊಂಡು ಹೊಳೆಯುತ್ತದೆ. ಮೂಲೆಯ ಹತ್ತಿರ ಗೆರೆ ಒಳಕ್ಕೆ ಕೊಂಚ ಬಾಗಿದ್ದರೆ ಬ್ಲೇಡ್ ಜಾರಿದ ಗುರುತು.

ಅಳತೆಪಟ್ಟಿ ಇಟ್ಟು ಎರಡೂವರೆ ಇಂಚು, ಮೂರೂವರೆ ಇಂಚು ಎಂದು ಅಳೆದು ಸಮಾಧಾನಪಡಬೇಡಿ. ಕಾರ್ಖಾನೆಯಿಂದಲೇ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ ಬಂದವು ಬೇಕಾದಷ್ಟಿವೆ. ಇಷ್ಟು ವರ್ಷಗಳಲ್ಲಿ ನನ್ನ ಕೈಬಿಡದ ಉಪಾಯ ಒಂದೇ. ಅದೇ 1979-80ರ ಓ-ಪೀ-ಚೀ ಸೆಟ್ಟಿನಿಂದ ಯಾರೂ ಕೇಳದ ಆಟಗಾರರ ಅಗ್ಗದ ಕಾರ್ಡುಗಳನ್ನು ಒಂದು ಹಿಡಿ ಕೊಂಡಿಟ್ಟುಕೊಳ್ಳಿ. ಅವುಗಳನ್ನು ಯಾರೂ ನಕಲು ಮಾಡುವುದಿಲ್ಲ, ಯಾರೂ ಟ್ರಿಮ್ ಮಾಡುವುದಿಲ್ಲ. ಗ್ರೆಟ್ಸ್ಕಿಯನ್ನು ಅವುಗಳ ನಡುವೆ ಸೇರಿಸಿ, ಮೇಜಿನ ಮೇಲೆ ಹಗುರವಾಗಿ ನಿಲ್ಲಿಸಿ, ಮೇಲಿನಿಂದ ನೋಡಿ. ತಗ್ಗಿದ್ದರೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅವುಗಳ ಪಕ್ಕದಲ್ಲಿಟ್ಟೇ ರಟ್ಟಿನ ಬಣ್ಣ ನೋಡಿ, ಬೆಳಕಿಗೆ ಹಿಡಿದು ಬೆಳಕು ಎಷ್ಟು ತೂರಿ ಬರುತ್ತದೆ ನೋಡಿ, ನೇರಳಾತೀತ ದೀಪವಿದ್ದರೆ ಅದರಲ್ಲೂ ನೋಡಿ. ಇತ್ತೀಚಿನ ಕಾಗದ ಸಾಮಾನ್ಯವಾಗಿ ನೀಲಿಯಾಗಿ ಬೆಳಗುತ್ತದೆ. ಆದರೆ 'ಸಾಮಾನ್ಯವಾಗಿ' ಎಂಬ ಮಾತು ನೆನಪಿರಲಿ, ಅದಕ್ಕೇ ಹೋಲಿಸಲು ಪಕ್ಕದಲ್ಲಿ ಅಸಲಿ ಕಾರ್ಡು ಬೇಕೆನ್ನುವುದು. ಒಂದೇ ಕಾರ್ಡನ್ನು ಕೊಂಡು ಹೋಲಿಸಿ ಆಮೇಲೆ ನನ್ನನ್ನು ಬೈಯಬೇಡಿ. ಆ ಒಂದೇ ವಕ್ರವಾಗಿ ಕತ್ತರಿಸಿದ್ದಿರಬಹುದು.

ಭೂತಗನ್ನಡಿಯಲ್ಲಿ ಕಪ್ಪು ಅಕ್ಷರಗಳನ್ನು ನೋಡುವುದನ್ನು ಮರೆಯಬೇಡಿ. ಅಸಲಿಯಲ್ಲಿ ಶಾಯಿ ಗಟ್ಟಿ ಗೆರೆಯಾಗಿರುತ್ತದೆ. ಸ್ಕ್ಯಾನ್ ಮಾಡಿ ಮರುಮುದ್ರಿಸಿದ್ದರಲ್ಲಿ ಅಕ್ಷರವೂ ಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ. ಈ ಸೆಟ್ಟಿನ ನೀಲಿ ಅಂಚು ಇನ್ನೊಂದು ತಲೆನೋವು. ಚೂರು ತಾಗಿದರೂ ಬಿಳಿ ಎದ್ದು ಕಾಣುತ್ತದೆ, ಅದನ್ನು ನೀಲಿ ಮಾರ್ಕರ್‌ನಿಂದ ತುಂಬುವ ಮಹಾನುಭಾವರಿದ್ದಾರೆ. ಮೇಲ್ಮೈಯ ಶಾಯಿ ಬೇರೆ, ರಟ್ಟಿನ ನಾರಿನೊಳಗೆ ಇಳಿದ ಶಾಯಿ ಬೇರೆ; ಗಮನಿಸಿದರೆ ತಿಳಿಯುತ್ತದೆ. ಒರಟು ತಂತಿ, ನೀಲಿ ಅಂಚು, ಪಕ್ಕಕ್ಕೆ ಸರಿದ ಮುದ್ರಣ ಮೂರೂ ಒಟ್ಟಾದ ಕಾರಣಕ್ಕೇ ಗ್ರೇಡಿಂಗ್ ಕಂಪನಿ ಪಿಎಸ್‌ಎ 10 ಅಂಕ ಕೊಟ್ಟ ಇದರ ಪ್ರತಿ ಅಷ್ಟು ವಿರಳ. ಅಂಥದೊಂದು 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಯಿತು. ಬಿಡಿಯಾಗಿ, ಗ್ರೇಡಿಂಗ್ ಇಲ್ಲದೆ, 'ಹತ್ತಕ್ಕೆ ಹತ್ತು ಬರುವಂಥದ್ದು' ಎಂದು ಯಾರಾದರೂ ಮಾರಲು ಬಂದರೆ, ಅವರೇ ಯಾಕೆ ಕಳುಹಿಸಿಲ್ಲ ಎಂದು ಕೇಳಿ.

ಇನ್ನು 'ಟಾಪ್ಸ್ ಕಂಪನಿಯ ಗ್ರೆಟ್ಸ್ಕಿ ಅಗ್ಗಕ್ಕೆ ಸಿಗುತ್ತದೆ, ಅದೂ ಅದೇ ಅಲ್ಲವೇ' ಎಂದು ಕೆಳಗೆ ಒಬ್ಬರು ಬರೆದಿದ್ದಾರೆ. ಅಲ್ಲ. ಮುಂಭಾಗ ಹೆಚ್ಚುಕಡಿಮೆ ಒಂದೇ, ನಂಬರೂ ಒಂದೇ. ಹಿಂಬದಿಯಲ್ಲಿ ಇಂಗ್ಲಿಷ್ ಜೊತೆ ಫ್ರೆಂಚ್ ಇದ್ದರೆ ಕೆನಡಾದ ಓ-ಪೀ-ಚೀ. ಬರೀ ಇಂಗ್ಲಿಷ್ ಇದ್ದರೆ ಅಮೆರಿಕದ ಟಾಪ್ಸ್. ಓ-ಪೀ-ಚೀ ಸೆಟ್ಟಿನಲ್ಲಿ 396 ಕಾರ್ಡು, ಟಾಪ್ಸ್‌ನಲ್ಲಿ 264. ಮರುವರ್ಷ ಇನ್ನೊಬ್ಬ ಆಟಗಾರ ಮಾರ್ಕ್ ಮೆಸಿಯರ್‌ನ ರೂಕಿ ಕಾರ್ಡು (ಆಟಗಾರನ ಮೊದಲ ಕಾರ್ಡು) ಓ-ಪೀ-ಚೀಯಲ್ಲಿ ಮಾತ್ರ ಬಂತು, ಟಾಪ್ಸ್‌ನವರು ಆತನನ್ನು ಬಿಟ್ಟೇಬಿಟ್ಟರು. ಹಾಕಿಯ ಮಟ್ಟಿಗೆ ನನ್ನ ಓಟು ಯಾವತ್ತೂ ಓ-ಪೀ-ಚೀಗೆ, ಅದರ ಕತ್ತರಿಕೆ ಎಷ್ಟೇ ಹಾಳಾಗಿರಲಿ.

'ರೂಕಿ ಕಾರ್ಡ್' ಎಂಬ ಚೀಟಿಯನ್ನು ನೋಡಿ ಮರುಳಾಗುವವರಿಗೆ ಒಂದು ಮಾತು. 1979-80ರಲ್ಲಿ ಗ್ರೆಟ್ಸ್ಕಿ 137 ಅಂಕ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದರೂ, ಹಿಂದಿನ ವರ್ಷ ಪ್ರತಿಸ್ಪರ್ಧಿ ಲೀಗಾದ ಡಬ್ಲ್ಯೂಎಚ್‌ಎಯಲ್ಲಿ ಆಡಿದ್ದಾನೆಂದು ಪ್ರಮುಖ ಲೀಗಾದ ಎನ್‌ಎಚ್‌ಎಲ್ ಅವನನ್ನು ಹೊಸಬನೆಂದೇ ಒಪ್ಪಲಿಲ್ಲ. ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ ರೇ ಬೋರ್ಕ್‌ಗೆ ಹೋಯಿತು. ಆದರೂ ನಮ್ಮ ಹವ್ಯಾಸದಲ್ಲಿ ಅತ್ಯಂತ ಹೆಸರಾದ ಹಾಕಿ ರೂಕಿ ಕಾರ್ಡು ಇದೇ. ಗೋರ್ಡಿ ಹೋವ್‌ನದು ಇನ್ನೂ ತಮಾಷೆ. ಆತ 1946ರಿಂದ ಆಡುತ್ತಿದ್ದ, 1950-51ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದ. 'ರೂಕಿ' ಎಂದು ಮಾರುವುದು ಅದಾದ ಮೇಲೆ ಬಂದ 1951-52ರ ಪಾರ್ಕ್‌ಹರ್ಸ್ಟ್ ಕಂಪನಿಯ 66ನೇ ನಂಬರನ್ನು. 50 ಪಂದ್ಯಗಳಲ್ಲಿ 50 ಗೋಲು ಹೊಡೆದು ಆರು ವರ್ಷವಾಗಿದ್ದ ಮೊರೀಸ್ ರಿಚರ್ಡ್ ಕೂಡ ಅದೇ ಸೆಟ್ಟಿನಲ್ಲಿ 'ಹೊಸಬ'. ಅವು ಈಗಿನ ಅಳತೆಗಿಂತ ಚಿಕ್ಕವು, ಆದ್ದರಿಂದ ಚಿಕ್ಕದಿದೆ ಎಂದು ಟ್ರಿಮ್ ಅನುಮಾನಪಟ್ಟು ಗಾಬರಿಯಾಗಬೇಡಿ.

ದಾಖಲೆ ದೊಡ್ಡದಾದರೆ ಕಾರ್ಡೂ ದುಬಾರಿ ಎಂದುಕೊಂಡು 1990-91ರ ಪೆಟ್ಟಿಗೆಗಳನ್ನು ಹೊತ್ತುತರಬೇಡಿ. ಯಾರೊಮಿರ್ ಯಾಗರ್ 1,921 ಅಂಕಗಳೊಂದಿಗೆ ಗ್ರೆಟ್ಸ್ಕಿಯ ನಂತರದ ಸ್ಥಾನದಲ್ಲಿದ್ದಾನೆ. ಆದರೆ ಆ ವರ್ಷ ಕಂಪನಿಗಳು ಪೈಪೋಟಿಗೆ ಬಿದ್ದು ಅಚ್ಚುಹಾಕಿದ್ದರಿಂದ ಅವನ ರೂಕಿ ಕಾರ್ಡು ಈಗಲೂ ರಾಶಿ ರಾಶಿ ಸಿಗುತ್ತದೆ. ಬಾಬಿ ಓರ್ ಮೊಣಕಾಲು ಕೈಕೊಟ್ಟು 657 ಪಂದ್ಯಗಳಿಗೇ ಆಟ ಮುಗಿಸಿದ. ಆದರೆ ಡಿಫೆನ್ಸ್ ಆಟಗಾರನೊಬ್ಬ ಲೀಗಿನ ಅಂಕಪಟ್ಟಿಯ ತುದಿಗೆ ಎರಡು ಬಾರಿ ಏರಿದ್ದನ್ನು ಯಾರೂ ಮರೆತಿಲ್ಲ. ಅವನ 1966-67ರ ಟಾಪ್ಸ್ 35 ಕೈಗೆಟುಕುವ ಮಾತೇ ಅಲ್ಲ. ಟಿವಿ ಪೆಟ್ಟಿಗೆಯ ಚೌಕಟ್ಟಿನಂತೆ ಮುದ್ರಿಸಿದ ಕಂದು ಅಂಚು ಅದರದು, ಸವೆದರೆ ಅದೂ ಬಿಳಿ ತೋರಿಸುತ್ತದೆ, ಅದಕ್ಕೂ ಮಾರ್ಕರ್ ಹಚ್ಚುತ್ತಾರೆ. ಅಂಚಿನ ಗೋಳು ಕಡಿಮೆ ಇರಲಿ ಎನ್ನುವವರು 2005-06ರ ಅಪ್ಪರ್ ಡೆಕ್ ಕಂಪನಿಯ 'ಯಂಗ್ ಗನ್ಸ್' ಎಂಬ ರೂಕಿ ಕಾರ್ಡುಗಳನ್ನು ನೋಡಬಹುದು. ಹಿಂದಿನ ವರ್ಷ ಲೀಗೇ ನಡೆಯದ್ದರಿಂದ ಕ್ರಾಸ್ಬಿ, ಒವೆಚ್ಕಿನ್ ಎಂಬ ಇಬ್ಬರು ತಾರೆಯರು ಆ ವರ್ಷವೇ ಒಟ್ಟಿಗೆ ಲೀಗಿಗೆ ಬಂದರು; ಕ್ರಾಸ್ಬಿ 201, ಒವೆಚ್ಕಿನ್ 443 ಎರಡೂ ಒಂದೇ ಸೆಟ್ಟಿನಲ್ಲಿವೆ. 2025ರ ಏಪ್ರಿಲ್ 6ರಂದು ಒವೆಚ್ಕಿನ್ 895ನೇ ಗೋಲು ಹೊಡೆದು ಗ್ರೆಟ್ಸ್ಕಿಯನ್ನು ದಾಟಿದ ಮೇಲೆ, ಆ ಗದ್ದಲದಲ್ಲಿ ಯಾರೋ ಕೇಳಿದ ಬೆಲೆಯನ್ನೇ ಮಾರುಕಟ್ಟೆ ಬೆಲೆ ಎಂದು ನಂಬಬೇಡಿ. ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ.

ಕೊನೆಗೆ, ನಿಮ್ಮ ಎರಡನೆಯ ಚಿತ್ರದಲ್ಲಿ ಕಾಣುವ ಆ ನಾಲ್ಕು ಸ್ಕ್ರೂಗಳ ದಪ್ಪ ಪ್ಲಾಸ್ಟಿಕ್ ಡಬ್ಬಿಯಿಂದ ಕಾರ್ಡನ್ನು ಇವತ್ತೇ ಹೊರತೆಗೆಯಿರಿ. ಬಿಗಿ ಮಾಡಿದಷ್ಟೂ ಅದು ರಟ್ಟನ್ನು ಅಮುಕಿ ಚಪ್ಪಟೆ ಮಾಡುತ್ತದೆ, ಗ್ರೇಡರ್‌ಗಳು ಅದನ್ನೂ ಹಿಡಿಯುತ್ತಾರೆ. ತೆಳು ಕವರಿಗೆ ಹಾಕಿ, ಆಮೇಲೆ ಕಾರ್ಡ್ ಸೇವರ್‌ನಂಥ ಅರೆಗಟ್ಟಿ ಹೊದಿಕೆಗೆ ಜಾರಿಸಿ. ಗ್ರೇಡಿಂಗಿಗೂ ಹಾಗೆಯೇ ಕಳುಹಿಸಬಹುದು. ಪಿವಿಸಿ ವಾಸನೆ ಬರುವ ಆಲ್ಬಮ್ ಪುಟಗಳು ಬೇಡವೇ ಬೇಡ. ಡಬ್ಬಿ ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರದಂತೆ ಎಚ್ಚರವಿರಲಿ. ಹೊರತೆಗೆದ ಮೇಲೆ ಹಿಂಬದಿಯ ಚಿತ್ರವನ್ನೂ ನಾಲ್ಕೂ ಅಂಚುಗಳ ಹತ್ತಿರದ ಚಿತ್ರಗಳನ್ನೂ ಇಲ್ಲಿಯೇ ಹಾಕಿ. ಫ್ಲಾಶ್ ಬೇಡ, ಕಿಟಕಿಯ ಬೆಳಕು ಸಾಕು.