ಹಳೆಯ ಎಂಜಿಬಿಯ ಏರ್ ಪಂಪ್ ಕಳಚಿದರೆ ಎಂಜಿನ್ ಚುರುಕಾಗುತ್ತದೆಯೇ?

ಕ್ಯಾಲಿಫೋರ್ನಿಯಾದಲ್ಲಿರುವ ನಿಮ್ಮ 1977ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ ಕೇಳಿದ್ದೀರಿ. ದಯವಿಟ್ಟು ಕಳಚಬೇಡಿ. ಅಲ್ಲಿ ಹೊಗೆ ತಪಾಸಣೆಯಿಂದ ವಿನಾಯಿತಿ ಇರುವುದು 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಮಾತ್ರ. ನಿಮ್ಮದರ ಬಾನೆಟ್ ಎತ್ತಿ ಭಾಗಗಳೆಲ್ಲ ಇವೆಯೇ ಎಂದೂ ನೋಡುತ್ತಾರೆ. ಹೊಗೆಯ ಅಳತೆ ಸರಿಯಿದ್ದರೂ ಪಂಪ್ ಕಾಣದಿದ್ದರೆ ಕಾರು ಪಾಸಾಗುವುದಿಲ್ಲ.

ಏರ್ ಪಂಪ್ ಬೆಲ್ಟಿನಿಂದ ತಿರುಗುತ್ತಾ ಎಗ್ಸಾಸ್ಟ್ ಪೋರ್ಟುಗಳೊಳಗೆ (ಎಂಜಿನ್ನಿನಿಂದ ಹೊಗೆ ಹೊರಬೀಳುವ ದಾರಿಗಳೊಳಗೆ) ಗಾಳಿ ಊದುತ್ತದೆ, ಉರಿಯದೆ ಉಳಿದ ಇಂಧನ ಅಲ್ಲೇ ಸುಟ್ಟುಹೋಗಲೆಂದು. ಅದು ಎಂಜಿನ್ನಿನಿಂದ ಕಸಿಯುವ ಶಕ್ತಿ ಅತ್ಯಲ್ಪ. 1975ರಿಂದ ಅಮೆರಿಕಕ್ಕೆ ಬಂದ ಎಂಜಿಬಿಗಳು ಮಂದವಾದದ್ದಕ್ಕೆ ಮುಖ್ಯ ಕಾರಣಗಳು ಬೇರೆ: ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬ್ಯುರೇಟರುಗಳ ಜಾಗದಲ್ಲಿ ಒಂದೇ ಜೆನಿತ್-ಸ್ಟ್ರಾಂಬರ್ಗ್, ಜೊತೆಗೆ 8:1ರ ಕಡಿಮೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣ ಒತ್ತಲ್ಪಡುವ ಪ್ರಮಾಣ). ಪಂಪ್ ಕಿತ್ತರೆ ಇವೆರಡೂ ಬದಲಾಗುವುದಿಲ್ಲ.

ಐಡಲ್ (ಕಾರು ನಿಂತಿದ್ದಾಗ ಎಂಜಿನ್ ಓಡುವ ವೇಗ) ಏರುಪೇರಾಗುತ್ತಿದೆ ಎಂದಿದ್ದೀರಲ್ಲ, ಅದಕ್ಕೆ ಮೊದಲು ಗಲ್ಪ್ ವಾಲ್ವ್ ಪರೀಕ್ಷಿಸಿ. ಥ್ರಾಟಲ್ ಥಟ್ಟನೆ ಬಿಟ್ಟಾಗ ಎಂಜಿನ್ನಿಗೆ ಮಿಶ್ರಣ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಗಾಳಿ ಬಿಟ್ಟು ಸೈಲೆನ್ಸರ್ ಸಿಡಿಯದಂತೆ ತಡೆಯುವುದು ಅದರ ಕೆಲಸ. ಅದು ಕೆಟ್ಟು ಸರಿಯಾಗಿ ಮುಚ್ಚದಿದ್ದರೆ ಸದಾ ಗಾಳಿ ಸೋರುತ್ತದೆ. ಎಂಜಿನ್ ಓಡುತ್ತಿರುವಾಗ ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಕೊಳವೆಯನ್ನು ಇಕ್ಕಳದಿಂದ ಮೆಲ್ಲಗೆ ಅದುಮಿ. ಸದ್ದು ಹದಕ್ಕೆ ಬಂದರೆ ಕಳ್ಳ ಸಿಕ್ಕಿದ ಹಾಗೆಯೇ. ಆ ವಾಲ್ವ್ ಒಂದನ್ನು ಬದಲಿಸಿದರೆ ಸಾಕು.

ಇನ್ನು ಇದ್ದಿಲು ತುಂಬಿದ ಡಬ್ಬಿ. ವಿನಾಯಿತಿ ಇರುವ ಕಾರಿನಲ್ಲೂ ನಾನು ಅದನ್ನು ಮುಟ್ಟುವುದಿಲ್ಲ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ಮರಳಿಸುವುದು ಅದೇ. ಅದಿಲ್ಲದಿದ್ದರೆ ಗ್ಯಾರೇಜೆಲ್ಲ ಪೆಟ್ರೋಲ್ ವಾಸನೆ, ಬೆಂಕಿಯ ಭಯ ಬೇರೆ.