ಚೋಬೆ ನದಿಯ ಸಫಾರಿ: ಬೇಸಿಗೆ ರಜೆಯೋ, ದಸರಾ ರಜೆಯೋ?

ಪ್ರಶ್ನೆ: ಕಬಿನಿ ಹಿನ್ನೀರಿನಲ್ಲಿ ದೋಣಿಯಲ್ಲಿ ಕುಳಿತು ಆನೆಗಳನ್ನು ನೋಡಿದಂದಿನಿಂದ, ಆಫ್ರಿಕಾದ ಚೋಬೆ ನದಿಯ ಸಫಾರಿಗೂ ಹೋಗಬೇಕೆಂಬ ಆಸೆ ಹುಟ್ಟಿದೆ. ವಿಕ್ಟೋರಿಯಾ ಜಲಪಾತವನ್ನೂ ನೋಡಬೇಕೆಂದಿದ್ದೇವೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ಅರವತ್ತೈದು ದಾಟಿದ ನನ್ನ ತಾಯಿ ಜೊತೆಗಿರುತ್ತಾರೆ. ಯಾವ ರಜೆಯಲ್ಲಿ ಹೋಗುವುದು ಸೂಕ್ತ? ಜೊಹಾನ್ಸ್‌ಬರ್ಗ್‌ನಲ್ಲಿ ತಂಗುವ ಅಗತ್ಯವಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಸರಾ ರಜೆಯಲ್ಲಿ ಹೋಗಿ. ಕಬಿನಿಯಲ್ಲಿ ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಕಾಡಿನ ಕೆರೆಗಳು ಬತ್ತಿದಾಗ ಆನೆಗಳು ಹಿನ್ನೀರಿಗೆ ಬರುತ್ತವೆಯಲ್ಲವೇ, ಬೋಟ್ಸ್ವಾನಾದ ಚೋಬೆಯಲ್ಲಿ ಅದೇ ಸ್ಥಿತಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುತ್ತದೆ. ಅಲ್ಲಿ ಮಳೆಗಾಲ ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ ಇರುವುದರಿಂದ, ನಮ್ಮ ಬೇಸಿಗೆ ರಜೆಯ ಏಪ್ರಿಲ್‌ನಲ್ಲಿ ಕಾಡಿನೊಳಗೆಲ್ಲ ನೀರಿದ್ದು ಹಿಂಡುಗಳು ಚದುರಿರುತ್ತವೆ.

ಜಲಪಾತದ ಲೆಕ್ಕ ಇದಕ್ಕೆ ತಿರುಗುಮುರುಗು. ಜಾಂಬೆಜಿ ನದಿ ಏಪ್ರಿಲ್ ಹೊತ್ತಿಗೆ ತುಂಬಿ ಹರಿಯುತ್ತದೆ, ಆದರೆ ಆಗ ಏಳುವ ತುಂತುರಿನ ಮುಸುಕಿನಲ್ಲಿ ಜಲಪಾತವೇ ಮರೆಯಾಗುವುದುಂಟು. ಅಕ್ಟೋಬರ್‌ನಲ್ಲಿ ಜಾಂಬಿಯಾದ ಕಡೆ ಬಹುಪಾಲು ಬರೀ ಬಂಡೆ ಕಾಣಿಸಿದರೂ ಜಿಂಬಾಬ್ವೆಯ ಕಡೆ ನೀರು ಧುಮುಕುತ್ತಲೇ ಇರುತ್ತದೆ. ಆದ್ದರಿಂದ ಜಿಂಬಾಬ್ವೆಯ ವಿಕ್ಟೋರಿಯಾ ಫಾಲ್ಸ್ ಪಟ್ಟಣದಲ್ಲಿ ಉಳಿದುಕೊಳ್ಳಿ. ಚೋಬೆಯ ಹೆಬ್ಬಾಗಿಲಾದ ಕಸಾನೆ ಅಲ್ಲಿಂದ ಸುಮಾರು 80 ಕಿಲೋಮೀಟರ್.

ಅಕ್ಟೋಬರ್‌ನ ಬಿಸಿಲು ಮಾತ್ರ ಕಠಿಣ. 35 ಡಿಗ್ರಿ ದಾಟುವುದು ಸಾಮಾನ್ಯ. ನಿಮ್ಮ ತಾಯಿಯವರನ್ನು ನೆನೆದು, ಬೆಳಗಿನ ಜೀಪ್ ಸಫಾರಿ ಮುಗಿದ ಮೇಲೆ ಮಧ್ಯಾಹ್ನವಿಡೀ ವಿಶ್ರಾಂತಿಗೆ ಬಿಡಿ, ಮೂರು ಗಂಟೆಯ ನಂತರ ನದಿಗಿಳಿಯಿರಿ. ದೋಣಿಯನ್ನು ಗೊತ್ತು ಮಾಡುವಾಗ ಎರಡು ಅಂತಸ್ತಿನ ದೊಡ್ಡ ದೋಣಿಗಿಂತ, ಹತ್ತು–ಹನ್ನೆರಡು ಮಂದಿಯ ಚಪ್ಪಟೆ ತಳದ ಸಣ್ಣ ದೋಣಿಯನ್ನೇ ಕೇಳಿ ಪಡೆಯಿರಿ, ಏಕೆಂದರೆ ಅದು ದಡದ ತೀರ ಸಮೀಪಕ್ಕೆ ಹೋಗಬಲ್ಲದು. ನದಿಯ ನಡುವೆ ಸೆಡುಡು ಎಂಬ ಹುಲ್ಲಿನ ದ್ವೀಪವಿದೆ (ನಮೀಬಿಯಾ ಜೊತೆಗಿನ ವಿವಾದದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 1999ರಲ್ಲಿ ಇದು ಬೋಟ್ಸ್ವಾನಾದ್ದೆಂದು ತೀರ್ಪು ನೀಡಿತು). ಅಲ್ಲಿನ ಮೇವಿಗಾಗಿ ಆನೆಗಳು ಸೊಂಡಿಲನ್ನು ನೀರಿನ ಮೇಲೆತ್ತಿ, ಮರಿಗಳನ್ನು ನಡುವೆ ಇಟ್ಟುಕೊಂಡು ಈಜಿ ದಾಟುವುದನ್ನು ಮಕ್ಕಳು ನೋಡಲೇಬೇಕು. ಈ ಒಂದು ನೋಟಕ್ಕಾಗಿಯೇ ಕಸಾನೆಯಲ್ಲಿ ಮೂರು ರಾತ್ರಿಯಾದರೂ ಇರಿ ಎಂದು ಒತ್ತಾಯಿಸುತ್ತೇನೆ.

ಜೊಹಾನ್ಸ್‌ಬರ್ಗ್ ತಂಗುದಾಣವನ್ನು ಬಿಡಬೇಡಿ, ಮತ್ತು ಅದನ್ನು ಪ್ರವಾಸದ ಆರಂಭದಲ್ಲಿಯೇ ಇಟ್ಟುಕೊಳ್ಳಿ. ಬೆಂಗಳೂರಿನಿಂದ ಹೊರಟ ವಿಮಾನ ತಡವಾದರೂ ಮುಂಗಡ ಹಣ ಕಟ್ಟಿದ ಸಫಾರಿ ಕೈತಪ್ಪುವುದಿಲ್ಲ, ಹಿರಿಯರಿಗೂ ದಣಿವಾರಿಸಿಕೊಳ್ಳಲು ಸಮಯ ಸಿಗುತ್ತದೆ. ಒಂದು ಇಡೀ ಬೆಳಗನ್ನು ಕಾನ್‌ಸ್ಟಿಟ್ಯೂಷನ್ ಹಿಲ್‌ಗೆ ಮೀಸಲಿಡಿ. ಗಾಂಧೀಜಿಯವರನ್ನೂ ಮುಂದೆ ನೆಲ್ಸನ್ ಮಂಡೇಲಾ ಅವರನ್ನೂ ಬಂಧಿಸಿಟ್ಟಿದ್ದ ಹಳೆಯ ಸೆರೆಮನೆಯ ಆವರಣದಲ್ಲಿಯೇ ಇಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ನಡೆಯುತ್ತಿದೆ. ಕೆಡವಿದ ಸೆರೆಮನೆಯ ಇಟ್ಟಿಗೆಗಳನ್ನು ಆ ಕಟ್ಟಡಕ್ಕೆ ಬಳಸಲಾಗಿದೆ. ಸಸ್ಯಾಹಾರದ ಊಟಕ್ಕೆ ಫೋರ್ಡ್ಸ್‌ಬರ್ಗ್‌ನ ಭಾರತೀಯ ಹೋಟೆಲುಗಳಿವೆ.

ಆರೋಗ್ಯದ ವಿಷಯದಲ್ಲಿ ಎಚ್ಚರವಿರಲಿ. ಆಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗಿ ಅಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಅರವತ್ತು ದಾಟಿದವರಿಗೆ ಆ ಲಸಿಕೆಯ ಮೊದಲ ಡೋಸ್‌ನಿಂದ ತೀವ್ರ ಅಡ್ಡಪರಿಣಾಮವಾಗುವ ಸಂಭವ ಇತರರಿಗಿಂತ ಹೆಚ್ಚು. ಹೀಗಾಗಿ ದುಬೈ ಅಥವಾ ದೋಹಾ ಮಾರ್ಗವೇ ನಿಮಗೆ ಮೇಲು. ಚೋಬೆ ಮತ್ತು ಜಾಂಬೆಜಿ ತೀರಗಳಲ್ಲಿ ಮಲೇರಿಯಾ ಇದೆ. ತಡೆ ಮಾತ್ರೆಗಳ ಬಗ್ಗೆ ವೈದ್ಯರನ್ನು ಒಂದು ತಿಂಗಳ ಮೊದಲೇ ಕಾಣಿರಿ. ದಕ್ಷಿಣ ಆಫ್ರಿಕಾದ ವೀಸಾ ಹೊರಡುವ ಮುನ್ನವೇ ಕೈಯಲ್ಲಿರಬೇಕು, ಮತ್ತು ಮರಳುವಾಗಲೂ ಜೊಹಾನ್ಸ್‌ಬರ್ಗ್‌ನಲ್ಲಿ ವಿಮಾನ ನಿಲ್ದಾಣದ ಹೊರಗೆ ಬರುವಿರಾದರೆ ಒಂದಕ್ಕಿಂತ ಹೆಚ್ಚು ಪ್ರವೇಶದ ವೀಸಾಕ್ಕೇ ಅರ್ಜಿ ಹಾಕಿ.